ಇವರನ್ನು ಕರೆದುಕೊಂಡು ಗಡಾಯಿಕಲ್ಲಿಗೆ

ಏಪ್ರಿಲ್ 8, ಮಂಗಳವಾರ

ಇವತ್ತು ನನ್ನ ಅಡುಗೆಮನೆಯಲ್ಲಿ ನನಗೇ ಸಾಸಿವೆ ಸಿಗಲಿಲ್ಲ. ಒಗ್ಗರಣೆಯ ಎಣ್ಣೆ ಹೊಗೆಯಾಡುತ್ತಿತ್ತು. ನಾನು ಡಬ್ಬಿಗಳ ಮುಂದೆ ನಿಂತು, ಯಾರದೋ ಮನೆಗೆ ಬಂದವಳ ಹಾಗೆ ಹುಡುಕುತ್ತಿದ್ದೆ. ಇವರು ಎಲ್ಲ ಡಬ್ಬಿಗಳನ್ನು ಎತ್ತರದ ಪ್ರಕಾರ ಸಾಲು ಮಾಡಿ ಇಟ್ಟಿದ್ದಾರೆ. ಕೇಳಿದರೆ, ಮಸ್ಕತ್ತಿನ ಹೋಟೆಲಿನಲ್ಲಿ ಹೀಗೇ ಇಡುವುದು, ಕಣ್ಣು ಮುಚ್ಚಿಯೂ ತೆಗೆಯಬಹುದು ಎಂದರು. ಕಣ್ಣು ತೆರೆದೇ ಸಿಗಲಿಲ್ಲವಲ್ಲ ಎಂಬ ಮಾತು ಬಾಯಿಯವರೆಗೆ ಬಂತು, ನುಂಗಿದೆ.

ಇವರು ಊರಿಗೆ ಬಂದು ಎರಡು ತಿಂಗಳಾಯಿತು. ರಜೆಗೆ ಬಂದದ್ದಲ್ಲ, ಪೂರ್ತಿಯಾಗಿ ಬಂದದ್ದು. ಮದುವೆಯಾದ ಮೇಲೆ ಇಪ್ಪತ್ತೈದು ವರ್ಷ ಇವರು ಮಸ್ಕತ್ತಿನಲ್ಲಿ, ನಾನು ಸಿದ್ಧಕಟ್ಟೆಯಲ್ಲಿ. ಎರಡು ವರ್ಷಕ್ಕೊಮ್ಮೆ ಬರುತ್ತಿದ್ದರು, ಮದುವೆ ಮುಂಜಿ ಪೂಜೆ ಎಂದು ಊರೆಲ್ಲ ಸುತ್ತುತ್ತಿದ್ದರು, ಹಪ್ಪಳ ಉಪ್ಪಿನಕಾಯಿ ಕಟ್ಟಿಸಿಕೊಂಡು ವಿಮಾನ ಹತ್ತುತ್ತಿದ್ದರು. ಆಗ ನಮ್ಮೊಳಗೆ ಒಂದು ದಿನವೂ ಜಗಳವಾದದ್ದಿಲ್ಲ. ನೆಂಟರ ಹತ್ತಿರ ಯಾರಾದರೂ ಜಗಳ ಮಾಡುತ್ತಾರೆಯೇ?

ಈಗ ಕಾರಿನ ಕೀ ಕೈಗೆತ್ತಿಕೊಂಡರೆ ಸಾಕು, "ಎಲ್ಲಿಗೆ? ಎಷ್ಟು ಹೊತ್ತಿಗೆ ಬರುವುದು?" ಗದ್ದೆ, ರಬ್ಬರು, ದನ, ಹಾಲಿನ ಸೊಸೈಟಿ, ಮಗಳ ಶಾಲೆ ಎಲ್ಲವನ್ನೂ ಒಬ್ಬಳೇ ನೋಡಿಕೊಂಡವಳು ನಾನು. ಈ ಪ್ರಶ್ನೆ ಕೇಳುವವರು ಇಷ್ಟು ವರ್ಷ ಇರಲಿಲ್ಲ. ಉತ್ತರ ಹೇಳಿ ಅಭ್ಯಾಸವೂ ಇಲ್ಲ.

ಏಪ್ರಿಲ್ 12, ಶನಿವಾರ

ಊಟ ಮುಗಿದ ಕೂಡಲೇ ಮೇಜು ಒರೆಸುತ್ತಾರೆ. ನಾನು ಇನ್ನೂ ಮಜ್ಜಿಗೆಯಲ್ಲಿ ಇರುವಾಗಲೇ ಒರೆಸಲಿಕ್ಕೆ ಶುರು. ಬಟ್ಟೆ ನನ್ನ ತಟ್ಟೆಯ ಸುತ್ತ ಪ್ರದಕ್ಷಿಣೆ ಬರುತ್ತದೆ. ಆಮೇಲೆ, ಸಾರಿಗೆ ಒಂದು ಚೂರು ಹುಳಿ ಜಾಸ್ತಿ ಎನ್ನುತ್ತಾರೆ. ಜಾಸ್ತಿ ಎಂದು ಒಮ್ಮೆಯೂ ಜೋರಾಗಿ ಹೇಳುವುದಿಲ್ಲ, ಮೆಲ್ಲಗೆ, ಬಾಣಸಿಗನನ್ನು ಬದಿಗೆ ಕರೆದು ಹೇಳಿದ ಹಾಗೆ. ಅದೇ ಹೆಚ್ಚು ಉರಿಸುತ್ತದೆ.

ಮಧ್ಯಾಹ್ನ ಚಾವಡಿಯಲ್ಲಿ ಕಣ್ಣು ಮುಚ್ಚಿದ್ದರು. ನೆರೆಮನೆಯ ನಬೀಸಾ ಮೊಟ್ಟೆ ಕೊಡಲಿಕ್ಕೆ ಬಂದವಳು ಮೆಟ್ಟಿಲ ಮೇಲೆ ನಿಂತಿದ್ದಳು. ಇವರು ನಿದ್ದೆಯಲ್ಲೇ ಸ್ಪಷ್ಟವಾಗಿ, "ಎರಡು ಪರೋಟ, ಒಂದು ಸುಲೈಮಾನಿ ಚಾ" ಎಂದರು. ನಬೀಸಾ ಬಾಯಿಗೆ ಸೆರಗು ಒತ್ತಿಕೊಂಡು ಅಂಗಳ ದಾಟಿದಳು. ನನಗೆ ನಗು ಬರಲಿಲ್ಲ.

ಏಪ್ರಿಲ್ 15, ಮಂಗಳವಾರ

ಬಿಸು ಹಬ್ಬ ಚೆನ್ನಾಗಿ ಆಯಿತು. ಪ್ರಾಪ್ತಿ ಮಂಗಳೂರಿನಿಂದ ಬಂದಿದ್ದಳು, ಕಣಿ ನೋಡಿ, ಅಪ್ಪನ ಕಾಲಿಗೂ ನನ್ನ ಕಾಲಿಗೂ ಬಿದ್ದು, ಪಾಯಸ ಕುಡಿದು ಹಾಸ್ಟೆಲಿಗೆ ಹೋದಳು. ನರ್ಸಿಂಗ್ ಕೊನೆಯ ವರ್ಷ, ಪರೀಕ್ಷೆ ಹತ್ತಿರ ಬಂದಿದೆ.

ಅವಳು ಹೋದ ಮೇಲೆ ಇವರಿಗೆ ಫೋನು ಬಂತು. ತೋಡಾರಿನ ಬಾವಾ. ಮಸ್ಕತ್ತಿನಲ್ಲಿ ಇವರ ಧಣಿ, ನಾವು ಬಾವಾಕ ಎಂದು ಕರೆಯುವುದು. ಸೊಹಾರಿನಲ್ಲಿ ಹೊಸ ಹೋಟೆಲು ಹಾಕುತ್ತಿದ್ದಾರಂತೆ, ನಡೆಸಲಿಕ್ಕೆ ಇವರೇ ಬೇಕಂತೆ. ಸ್ಪೀಕರ್ ಹಾಕಿಕೊಂಡು ಮಾತಾಡುವುದು ಇವರ ಅಭ್ಯಾಸ, ನನಗೆ ಒಳಗಿನವರೆಗೆ ಕೇಳಿತು. ನಾನು ಅಕ್ಕಿ ಮುಡಿಯ ಮೇಲೆ ಕೂತೇಬಿಟ್ಟೆ. ಇವರು ಮತ್ತೆ ಹೋಗುತ್ತಾರಲ್ಲ ಎಂಬ ಸಂತೋಷಕ್ಕೆ.

"ಆಲೋಚನೆ ಮಾಡಿ ಹೇಳ್ತೇನೆ ಬಾವಾಕ" ಎಂದರು ಇವರು. ಬಾವಾ ಮೇ ಮೊದಲ ವಾರ ಊರಿಗೆ ಬರುತ್ತಾರಂತೆ, ಬಂದು ಖುದ್ದಾಗಿ ಕೇಳುತ್ತಾರಂತೆ. ಇವರು ಫೋನು ಇಟ್ಟು ತೆಂಗಿನಬುಡಕ್ಕೆ ನೀರು ಬಿಡಲಿಕ್ಕೆ ಹೋದರು.

ಏಪ್ರಿಲ್ 24, ಗುರುವಾರ

ಹತ್ತು ದಿನವಾಗುತ್ತಾ ಬಂತು, ಸೊಹಾರಿನ ಸುದ್ದಿ ಎತ್ತಲಿಲ್ಲ. ಇವತ್ತು ಬೇರೆಯೇ ಸುದ್ದಿ ಎತ್ತಿದರು.

"ಕಾಂತಿ, ಮೂಡುಬಿದಿರೆಯ ಸಾವಿರ ಕಂಬದ ಬಸದಿಗೆ ಒಮ್ಮೆ ಹೋಗುವನಾ?"

ನೋಡಿಲ್ಲವಾ ಎಂದು ಕೇಳಿದೆ. ನೋಡಿಲ್ಲವಂತೆ! ಇಲ್ಲಿಂದ ಕಾರಿನಲ್ಲಿ ಅರ್ಧ ಗಂಟೆ ಇಲ್ಲ. ಶಾಲೆಯಿಂದ ಕರೆದುಕೊಂಡು ಹೋದ ವರ್ಷ ಇವರಿಗೆ ಸಿಡುಬು ಎದ್ದಿತ್ತಂತೆ. ಆಮೇಲೆ ಮುಂಬಯಿ, ಆಮೇಲೆ ಮಸ್ಕತ್ತು. ಹೋಟೆಲಿನ ಗಲ್ಲೆಯ ಹಿಂದೆ ಬಸದಿಯ ಒಂದು ದೊಡ್ಡ ಫೋಟೋ ಹಾಕಿದ್ದರಂತೆ. ಬಂದ ಗಿರಾಕಿಗಳೆಲ್ಲ ಅದು ಯಾವ ಅರಮನೆ ಎಂದು ಕೇಳುತ್ತಿದ್ದರಂತೆ. ಇವರು ನಮ್ಮೂರಿನದ್ದು ಎಂದು ಹೇಳಿ, ಕಂಬಗಳ ಬಗ್ಗೆ ದೊಡ್ಡ ಭಾಷಣ ಮಾಡುತ್ತಿದ್ದರಂತೆ. ನೋಡದೆಯೇ.

ನಾನು ಆಗಲಿ ಎಂದೆ. ಮೂಡುಬಿದಿರೆ ಮಾತ್ರ ಯಾಕೆ, ಬೆಳಗ್ಗೆ ಬೇಗ ಹೊರಟರೆ ಬೆಳ್ತಂಗಡಿಯ ಗಡಾಯಿಕಲ್ಲಿನ ಕೋಟೆ ಹತ್ತಬಹುದು, ಬರುವ ದಾರಿಯಲ್ಲಿ ವೇಣೂರಿನ ಬಾಹುಬಲಿ, ಸಂಜೆಗೆ ಬಸದಿ ಎಂದೆ. ಇವರಿಗೆ ಆಶ್ಚರ್ಯವಾಯಿತು, ನಾನು ಇಷ್ಟು ಬೇಗ ಒಪ್ಪುವವಳಲ್ಲ. ನನ್ನ ಲೆಕ್ಕ ಬೇರೆ. ಬಾವಾಕನಿಗೆ ಹೂಂ ಎಂದು ಹೇಳಿ, ಹೋಗಿ ಬನ್ನಿ ಎಂದು ನಾನೇ ಹೇಳಬೇಕು. ಮನೆಯೊಳಗೆ ಹೇಳಿದರೆ ಜಗಳದ ಹಾಗೆ ಕೇಳುತ್ತದೆ. ಕಲ್ಲಿನ ತುದಿಯಲ್ಲಿ, ಗಾಳಿಯಲ್ಲಿ ನಿಂತು ಹೇಳಿದರೆ ಒಳ್ಳೆಯ ಮಾತಿನ ಹಾಗೆ ಕೇಳೀತು.

ಏಪ್ರಿಲ್ 26, ಶನಿವಾರ

ಬುತ್ತಿಯ ವಿಷಯದಲ್ಲಿ ಚರ್ಚೆ. ನಾನು ಅಕ್ಕಿ ಪುಂಡಿ ಮತ್ತು ಚಟ್ನಿ ಎಂದೆ. ಇವರು ಎಗ್ ರೋಲ್ ಎಂದರು. ಬಸದಿಗೆ ಹೋಗುವ ದಿನ ಮೊಟ್ಟೆಯಾ ಎಂದು ಕೇಳಿದ ಮೇಲೆ ತರಕಾರಿ ರೋಲಿಗೆ ಒಪ್ಪಿದರು. ಈಗ ಕ್ಯಾರೆಟ್, ಕ್ಯಾಬೇಜ್ ಕೊಚ್ಚುವ ಸದ್ದು ಕೇಳುತ್ತಿದೆ. ಟಕಟಕಟಕ ಎಂದು, ಯಾರೋ ಚೆಂಡೆಗೆ ಕೂತ ಹಾಗೆ. ಇಬ್ಬರಿಗೆ ಎಷ್ಟು ಬೇಕು ಎಂಬ ಅಂದಾಜೇ ಇವರಿಗೆ ಇಲ್ಲ, ಒಂದು ದಿಬ್ಬಣಕ್ಕೆ ಆಗುವಷ್ಟು ಮಾಡುತ್ತಿದ್ದಾರೆ.

ಏಪ್ರಿಲ್ 27, ಆದಿತ್ಯವಾರ

ಹೋಗಿ ಬಂದೆವು. ಕಾಲು ಎರಡೂ ಮರಗಟ್ಟಿದೆ. ನಾಳೆ ಬರೆಯುತ್ತೇನೆ. ಮಾತು ಹೇಳಲಿಕ್ಕೆ ಆಗಲಿಲ್ಲ.

ಏಪ್ರಿಲ್ 28, ಸೋಮವಾರ

ಬೆಳಕು ಹರಿಯುವ ಮೊದಲೇ ಹೊರಟಿದ್ದೆವು. ನಾನು ಕಾರು ಬಿಡುವುದು, ಇವರು ಪಕ್ಕದಲ್ಲಿ. ವೇಣೂರು ದಾಟುವವರೆಗೆ ಬಲಗಾಲನ್ನು ಚಾಪೆಗೆ ಒತ್ತುತ್ತಲೇ ಇದ್ದರು, ಅಲ್ಲಿ ಇವರದ್ದೊಂದು ಬ್ರೇಕು ಇದ್ದ ಹಾಗೆ. ಗುರುವಾಯನಕೆರೆಯ ತಿರುವಿನಲ್ಲಿ ಎದುರಿನಿಂದ ಬಂದ ಬಸ್ಸಿಗೆ ನಾನು ದಾರಿ ಕೊಡದೆ ಮುಂದೆ ಹೋದೆ. ಅದಾದ ಮೇಲೆ ಕಾಲು ಒತ್ತುವುದನ್ನು ಬಿಟ್ಟು ಕಣ್ಣು ಮುಚ್ಚಿಕೊಂಡರು. ಲಾಯಿಲದಲ್ಲಿ ಕಿಲ್ಲೂರು ರಸ್ತೆಗೆ ತಿರುಗಿದಾಗ ಗಡಾಯಿಕಲ್ಲು ಪೂರ್ತಿ ಕಂಡಿತು. ಮೈಯೆಲ್ಲ ಬೋಳು, ಬುಡದಲ್ಲಿ ಕಾಡು, ತುದಿಯಲ್ಲಿ ಒಂದು ಎಳೆ ಮಂಜು. ಕಣ್ಣು ತೆರೆದು ನೋಡಿ, "ಇದನ್ನಾ ಹತ್ತುವುದು?" ಎಂದರು. ಟಿಪ್ಪುವಿನ ಸೈನಿಕರು ಬಂದೂಕು ಹೊತ್ತು ಹತ್ತುತ್ತಿದ್ದರಂತೆ, ನಮಗೆ ಬುತ್ತಿ ಮಾತ್ರ ಎಂದೆ.

ಅರಣ್ಯದವರ ಗೇಟಿನಲ್ಲಿ ಚೀಟಿ ಮಾಡಿಸಿ ಹೊರಟೆವು. ನಾನು ಸೊಸೈಟಿಯ ಹೆಂಗಸರ ಜೊತೆ ಒಮ್ಮೆ ಬಂದವಳು, ದಾರಿ ಗೊತ್ತು. ಮೊದಲು ಮರದ ನೆರಳು, ಆಮೇಲೆ ಬಂಡೆಯಲ್ಲೇ ಕಡಿದ ಮೆಟ್ಟಿಲು. ಒಂದು ಬದಿಗೆ ಕಲ್ಲು, ಇನ್ನೊಂದು ಬದಿಗೆ ಬರೀ ಗಾಳಿ. ನಾನು ಮಾತು ಶುರು ಮಾಡುವ ಮೊದಲೇ ಇವರ ಉಸಿರು ಜೋರಾಗಿತ್ತು. ಇಷ್ಟು ವರ್ಷ ಗಲ್ಲೆಯ ಹಿಂದೆ ಕೂತವರು ತಾನೇ. ಅರ್ಧ ದಾರಿಯಲ್ಲಿ ಒಂದು ಮರದ ಬುಡದಲ್ಲಿ ಕೂತುಬಿಟ್ಟರು. ಬುತ್ತಿಯ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು, "ನೀನು ಹೋಗಿ ನೋಡಿ ಬಾ. ನಾನು ಇಲ್ಲೇ ಇರ್ತೇನೆ" ಎಂದರು.

ನಾನು ಹೋದೆ. ಸುಳ್ಳು ಯಾಕೆ, ಹಗುರ ಎನ್ನಿಸಿತು. ನನ್ನ ಹೆಜ್ಜೆಗೆ ನಾನೇ, ಯಾರಿಗೂ ಕಾಯುವುದು ಬೇಡ. ತುದಿಯ ಮುರಿದ ಗೋಡೆಗಳನ್ನು ದಾಟಿ ನಿಂತಾಗ ಪೂರ್ವಕ್ಕೆ ಕುದುರೆಮುಖದ ಸಾಲು, ಈ ಕಡೆ ನಮ್ಮ ಊರುಗಳೆಲ್ಲ ಹಸಿರು ಕಂಬಳಿ ಹಾಸಿದ ಹಾಗೆ. ಯಾರೂ ಹತ್ತಿರ ಇರಲಿಲ್ಲ. ಆಡಬೇಕಾದ ಮಾತನ್ನು ಒಮ್ಮೆ ಬಾಯಿಪಾಠ ಮಾಡುವ ಎಂದು ಜೋರಾಗಿಯೇ ಹೇಳಿದೆ: "ಬಾವಾಕನಿಗೆ ಹೂಂ ಅಂತ ಹೇಳಿ. ಇಲ್ಲಿ ನಾನು ನೋಡಿಕೊಳ್ತೇನೆ." ಚೆನ್ನಾಗಿಯೇ ಬಂತು. ಇನ್ನೊಮ್ಮೆ ಹೇಳಿ ನೋಡಿ, ಇಳಿಯಲಿಕ್ಕೆ ಶುರು ಮಾಡಿದೆ.

ಮರದ ಬುಡದಲ್ಲಿ ಇವರು ಇರಲಿಲ್ಲ.

ಸ್ವಲ್ಪ ಹೊತ್ತು ನಿಂತು ನೋಡಿದೆ. ಚೀಲವೂ ಇಲ್ಲ. ಮೇಲೆ ಹೋಗಿದ್ದರೆ ದಾರಿಯಲ್ಲಿ ಸಿಗಬೇಕಿತ್ತು. ಪಕ್ಕದಲ್ಲಿ ಕಲ್ಲು ಜಾರಿಕೊಂಡು ನೇರ ಕಾಡಿಗೆ ಇಳಿಯುತ್ತಿತ್ತು. ಅತ್ತ ನೋಡಲಿಕ್ಕೆ ಮನಸ್ಸು ಬರಲಿಲ್ಲ. ನೋಡದೆ ಇರಲಿಕ್ಕೂ ಆಗಲಿಲ್ಲ. ಫೋನು ಮಾಡಿದರೆ ನೆಟ್‌ವರ್ಕ್ ಇಲ್ಲ. ಕರೆಯುವ ಎಂದರೆ ಏನೆಂದು ಕರೆಯುವುದು? ಇಷ್ಟು ವರ್ಷದಲ್ಲಿ ಇವರ ಹೆಸರು ಹಿಡಿದು ಕರೆದವಳಲ್ಲ. "ಇಗೊಳ್ಳಿ" ಎಂದೇ ನಡೆದು ಹೋಗಿದೆ. ಕಲ್ಲಿನ ಮೇಲೆ ನಿಂತು ಇಗೊಳ್ಳಿ ಎಂದರೆ ಯಾರಿಗೆ ಕೇಳೀತು? "ಶೆಟ್ರೇ" ಎಂದು ಕೂಗಿದೆ. ಮೇಲಿನಿಂದ ಇಳಿದು ಬರುತ್ತಿದ್ದ ಗುಂಪಿನಲ್ಲಿ ಮೂರು ಜನ ಒಟ್ಟಿಗೆ "ಓ" ಎಂದರು. ನನ್ನ ಮುಖ ನೋಡಿ ಅವರೂ ಹೆದರಿದರು. ಆಮೇಲೆ ಮಾನ ಮರ್ಯಾದೆ ಬದಿಗಿಟ್ಟು, "ನಿತ್ಯಾನಂದಾ" ಎಂದು ಗಂಟಲು ಹರಿಯುವ ಹಾಗೆ ಕರೆದೆ. ಕಲ್ಲು ಅದನ್ನೇ ತಿರುಗಿ ಹೇಳಿತು.

ಕೆಳಗಿನಿಂದ, ಮರಗಳ ನಡುವಿನಿಂದ ಇವರ ಸ್ವರ ಬಂತು. "ಇಲ್ಲಿದ್ದೇನೆ ಕಾಂತಿ. ಮೆಲ್ಲ ಇಳಿ, ಮೆಟ್ಟಿಲು ಜಾರ್ತದೆ."

ಹೇಗೆ ಇಳಿದೆನೋ ಗೊತ್ತಿಲ್ಲ. ನೆರಳಿರುವ ತಿರುವಿನಲ್ಲಿ ಒಂದು ಹಿಂಡು ಕಾಲೇಜು ಮಕ್ಕಳು ಕೂತಿದ್ದರು. ಪುತ್ತೂರಿನವರಂತೆ. ಒಂದೇ ಬಾಟಲಿ ನೀರು, ಎರಡು ಪೊಟ್ಟಣ ಚಿಪ್ಸ್ ಹಿಡಿದುಕೊಂಡು ಬಿಸಿಲಿಗೆ ಹತ್ತಲಿಕ್ಕೆ ಹೊರಟವರು. ಅವರಲ್ಲಿ ವಿಸ್ಮಿತಾ ಎಂಬ ಹುಡುಗಿ ಇವರು ಕೂತಿದ್ದ ಮರದ ಹತ್ತಿರವೇ ತಲೆ ತಿರುಗಿ ಕುಸಿದಳಂತೆ. ಇವರು ಅವಳನ್ನು ಮೆಲ್ಲಗೆ ನಡೆಸಿಕೊಂಡು ನೆರಳಿಗೆ ಇಳಿಸಿ, ಮುಖಕ್ಕೆ ನೀರು ಚಿಮುಕಿಸಿ, ನಮ್ಮ ಲಿಂಬೆ ಶರಬತ್ತಿಗೆ ಇನ್ನಷ್ಟು ಉಪ್ಪು ಹಾಕಿ ಕುಡಿಸಿದ್ದರು. ಈಗ ಆ ಹುಡುಗಿ ಎದ್ದು ಕೂತು ನಗುತ್ತಿದ್ದಳು. ಇವರು ಹೆಗಲಿಗೆ ಬೈರಾಸು ಟವೆಲು ಹಾಕಿಕೊಂಡು ಎಲ್ಲರಿಗೂ ರೋಲು ಬಡಿಸುತ್ತಿದ್ದರು.

ಬೈಯಬೇಕೆಂದು ಹತ್ತಿರ ಹೋದವಳು ಒಂದು ಕಲ್ಲಿನ ಮೇಲೆ ಕೂತೆ.

ಕೂತು ನೋಡಿದೆ. ಒಮ್ಮೆ ಕೇಳಿದ ಹೆಸರು ಮತ್ತೆ ಮರೆಯುವುದಿಲ್ಲ ಇವರು. ಯಾವ ಮನೆ, ಯಾವ ಕಾಲೇಜು, ಅಪ್ಪ ಏನು ಮಾಡುತ್ತಾರೆ, ಎಲ್ಲ ವಿಚಾರಿಸುತ್ತಾರೆ. ಆದರೆ ಕಣ್ಣು ಮಾತಾಡುವವರ ಮೇಲೆ ಅಲ್ಲ, ಕೈಗಳ ಮೇಲೆ. ಯಾರ ಕೈ ಖಾಲಿಯಾಯಿತು, ಯಾರು ನಾಚಿಕೆಯಿಂದ ಇನ್ನೊಂದು ಕೇಳದೆ ಕೂತಿದ್ದಾರೆ ಎಂದು. ಬದಿಯಲ್ಲಿ ಒಬ್ಬ ಹುಡುಗ ಮಾತಿಲ್ಲದೆ ಕೂತಿದ್ದ, ಅವನ ಕೈಗೆ ಸುಮ್ಮನೆ ಇನ್ನೊಂದು ಇಟ್ಟು ಮುಂದೆ ಹೋದರು. ನನ್ನ ಹತ್ತಿರ ಬಂದಾಗ ಚೀಲದಲ್ಲಿ ಉಳಿದದ್ದು ಒಂದು. ಅದನ್ನು ನನಗೇ ಕೊಟ್ಟು, "ಹೆದರಿದಿಯಾ?" ಎಂದರು.

ಇಲ್ಲ ಎಂದೆ. ರೋಲಿನ ಕಾಗದವನ್ನು ಅವರೇ ಬಿಡಿಸಿ ಕೊಟ್ಟರು.

ದನ ಕೂಗುತ್ತಿದೆ. ಉಳಿದದ್ದು ನಾಳೆ.

ಏಪ್ರಿಲ್ 29, ಮಂಗಳವಾರ

ವೇಣೂರಿಗೆ ಮುಟ್ಟುವಾಗ ಸೂರ್ಯ ನೆತ್ತಿಯ ಮೇಲೆ. ಬುತ್ತಿಯಂತೂ ಪುತ್ತೂರಿನ ಮಕ್ಕಳ ಹೊಟ್ಟೆ ಸೇರಿತ್ತು. ಮೊದಲು ಬಾಹುಬಲಿಯನ್ನು ನೋಡಿ, ಆಮೇಲೆ ಊಟ ಎಂದು ತೀರ್ಮಾನ ಮಾಡಿದೆವು. ಅದು ತಪ್ಪು ತೀರ್ಮಾನ. ಚಪ್ಪಲಿ ಕಳಚಿ ಅಂಗಳಕ್ಕೆ ಕಾಲಿಟ್ಟರೆ ಕಾದ ಕಾವಲಿ. ಬಾಹುಬಲಿ ಮೇಲೆ ಮುಗುಳ್ನಗುತ್ತಾ ನಿಂತಿದ್ದಾನೆ, ಮೈಗೆ ಬಳ್ಳಿ ಹಬ್ಬಿದರೂ ಅಲುಗದವನು. ಕೆಳಗೆ ನಾವಿಬ್ಬರೂ ಒಂದು ಕಾಲು ಎತ್ತಿ ಇನ್ನೊಂದು ಇಟ್ಟು ಕುಣಿಯುತ್ತಿದ್ದೇವೆ. ಇವರು ಬೈರಾಸನ್ನು ಹಾಸಿ, ಬಾ ಎಂದರು. ಒಂದೇ ಬೈರಾಸಿನ ಮೇಲೆ ಇಬ್ಬರೂ ಒತ್ತಿ ನಿಂತು ಕೈಮುಗಿದೆವು. ಹಿಂದೆ ಬರುವಾಗ ಬೈರಾಸನ್ನು ಎಳೆದು ಮುಂದಕ್ಕೆ ಹಾಕುವುದು, ಹತ್ತುವುದು, ಮತ್ತೆ ಎಳೆಯುವುದು. ಕಾವಲಿನವರು ನೋಡಿ, ಆ ಬದಿಯಲ್ಲಿ ನಾರಿನ ಚಾಪೆ ಹಾಕಿದೆಯಲ್ಲ ಅಮ್ಮ ಎಂದರು. ನಮ್ಮ ಕಣ್ಣಿಗೆ ಅದು ಬಿದ್ದಿರಲೇ ಇಲ್ಲ. ನಾನು ನಕ್ಕದ್ದು ಎಷ್ಟೆಂದರೆ ಪಕ್ಕೆ ಹಿಡಿದುಕೊಂಡಿತು. ಇವರಿಗೂ ನಗು. ಇವರ ಎಡಗೆನ್ನೆಯಲ್ಲಿ ಗುಳಿ ಬೀಳುತ್ತದೆ. ಮೊದಲೂ ಬೀಳುತ್ತಿತ್ತೇನೋ.

ಪೇಟೆಯಲ್ಲಿ ಒಂದು ಸಣ್ಣ ಹೋಟೆಲಿನಲ್ಲಿ ಊಟ. ಸಾಂಬಾರು ನೀರು, ಪಲ್ಯಕ್ಕೆ ಉಪ್ಪಿಲ್ಲ. ಇವರು ಏನು ಹೇಳುತ್ತಾರೆಂದು ನಾನು ಕಾಯುತ್ತಿದ್ದೆ. ಎಲೆ ಪೂರ್ತಿ ಖಾಲಿ ಮಾಡಿ, ಬಡಿಸಿದವನಿಗೆ ಊಟ ಒಳ್ಳೆದಿತ್ತು ಎಂದು ಹೇಳಿ ಕೈತೊಳೆದರು. ಕಾರಿಗೆ ಬಂದ ಮೇಲೆ ಕೇಳಿಯೇಬಿಟ್ಟೆ: ನನ್ನ ಸಾರಿಗೆ ಮಾತ್ರ ಹುಳಿ ಜಾಸ್ತಿಯಾ?

ಇವರು ಸೀಟ್ ಬೆಲ್ಟ್ ಹಾಕಿಕೊಂಡರು. "ಇಲ್ಲಿ ನಾನು ಗಿರಾಕಿ. ಅಲ್ಲಿ ಹೋಟೆಲಿನಲ್ಲಿ ಮೇನೇಜರ್. ನಮ್ಮ ಮನೆಯಲ್ಲಿ ನಾನು ಎಂತ ಅಂತ ನನಗೆ ಇನ್ನೂ ಗೊತ್ತಾಗಲಿಲ್ಲ ಮಾರಾಯ್ತಿ. ಅದಕ್ಕೆ ಡಬ್ಬಿ ಜೋಡಿಸ್ತೇನೆ."

ನಾನು ಎ.ಸಿ. ಜೋರು ಮಾಡಿದೆ.

ಮೂಡುಬಿದಿರೆಗೆ ಬರುವಾಗ ಬಿಸಿಲು ಇಳಿದಿತ್ತು. ಬಸದಿಯ ಬೀದಿಯಲ್ಲಿ ಹೆಚ್ಚು ಜನ ಇರಲಿಲ್ಲ. ಮಾನಸ್ತಂಭದ ಹತ್ತಿರ ಬಂದು ಇವರು ನಿಂತರು. ಒಳಗೆ ಹೋಗುವ ಎಂದರೆ ಬರಲಿಲ್ಲ. ಎರಡು ಹೆಜ್ಜೆ ಹಿಂದೆ ಹೋದರು, ಒಂದು ಹೆಜ್ಜೆ ಎಡಕ್ಕೆ ಹೋದರು, ತಲೆ ಓರೆ ಮಾಡಿ ನೋಡಿದರು. ಏನು ಅಳೆಯುತ್ತಿದ್ದೀರಿ ಎಂದು ಕೇಳಿದೆ. ಫೋಟೋ ತೆಗೆದವನು ಇಲ್ಲೇ ನಿಂತು ತೆಗೆದದ್ದು ಎಂದರು.

ಒಳಗೆ ಹೋದ ಮೇಲೆ ಇವರು ಕಂಬದಿಂದ ಕಂಬಕ್ಕೆ ಹೋಗಿ ಅಂಗೈ ಇಟ್ಟು ನೋಡುತ್ತಿದ್ದರು. ಒಂದು ದುಂಡಗೆ, ಒಂದು ಎಂಟು ಮೂಲೆ, ಒಂದರಲ್ಲಿ ಹೂವಿನ ಬಳ್ಳಿ, ಇನ್ನೊಂದರಲ್ಲಿ ಗಂಟು ಹಾಕಿಕೊಂಡ ಹಾವು. ಒಂದರ ಹಾಗೆ ಇನ್ನೊಂದು ಇಲ್ಲ. ಹೊರಗೆ ಧಗೆ, ಒಳಗೆ ಕಲ್ಲು ತಣ್ಣಗೆ. ಒಂದು ಕಂಬಕ್ಕೆ ನಾನೂ ಕೆನ್ನೆ ಇಟ್ಟೆ. ಎಷ್ಟೋ ಸಲ ಇಲ್ಲಿಗೆ ಬಂದಿದ್ದೇನೆ, ಮಗಳ ಶಾಲೆಯವರ ಜೊತೆ, ನೆಂಟರ ಜೊತೆ. ಚಪ್ಪಲಿ ಎಲ್ಲಿ ಇಟ್ಟೆವು ಎಂಬ ಚಿಂತೆಯಲ್ಲೇ ನೋಡಿ ಮುಗಿಸಿದ್ದು.

ಹೊರಗೆ ಬಂದು ಜಗಲಿಯಲ್ಲಿ ಕೂತೆವು. ಹೇಳಬೇಕಾದ ಮಾತಿಗೆ ಇದೇ ಒಳ್ಳೆಯ ಜಾಗ ಎಂದು ನಾನು ಗಂಟಲು ಸರಿ ಮಾಡಿಕೊಳ್ಳುತ್ತಿದ್ದೆ. ಇವರು ಅಂಗಳದ ಮೂಲೆಗೆ ಕೈ ತೋರಿಸಿದರು.

"ಫೋಟೋದಲ್ಲಿ ಅಲ್ಲಿ ಒಬ್ಬಳು ಹೆಂಗಸು ಉಂಟು. ಬೆನ್ನು ಮಾತ್ರ ಕಾಣ್ತದೆ. ಯಾರು ಅಂತ ಕೇಳಿದವರಿಗೆಲ್ಲ ನನ್ನ ಹೆಂಡತಿ ಅಂತ ಹೇಳ್ತಿದ್ದೆ."

ನಾನು ಅವರ ಮುಖ ನೋಡಿದೆ. ತಮಾಷೆಯಲ್ಲ.

"ಯಾವ ಸೀರೆ?" ಎಂದು ಕೇಳಿದೆ.

"ಹಸಿರು."

"ನನ್ನ ಹತ್ತಿರ ಹಸಿರು ಸೀರೆ ಇಲ್ಲ."

"ಅದು ಅವರಿಗೆ ಗೊತ್ತುಂಟಾ?" ಎಂದರು.

ಬಸದಿಯ ಮಾಡಿನ ಮೇಲೆ ಪಾರಿವಾಳಗಳು ಜಾಗಕ್ಕಾಗಿ ಜಗಳಾಡುತ್ತಿದ್ದವು. ಚೌಟರ ಅರಮನೆ ನೋಡಲಿಕ್ಕೆ ಹೊತ್ತು ಮೀರಿತ್ತು, ಅದು ಇನ್ನೊಮ್ಮೆ. ಬರುವಾಗ ನಾನು ಕಾರು ಸ್ವಲ್ಪ ನಿಧಾನ ಬಿಟ್ಟೆ. ಕಾಲು ನೋಯುತ್ತಿತ್ತು, ಕ್ಲಚ್ಚು ಒತ್ತಲಿಕ್ಕೆ ಆಗುತ್ತಿರಲಿಲ್ಲ, ಅದಕ್ಕೆ.

ಮಾತು ಹೇಳಲಿಕ್ಕೆ ಸರಿಯಾದ ಹೊತ್ತು ಸಿಗಲಿಲ್ಲ ಅಷ್ಟೆ. ಬಾವಾ ಬರಲಿಕ್ಕೆ ಇನ್ನೂ ದಿನ ಇದೆ.

ಮೇ 2, ಶುಕ್ರವಾರ

ಸೊಸೈಟಿಯ ಮೀಟಿಂಗಿಗೆ ಹೊರಡುವಾಗ, ಎಲ್ಲಿಗೆ, ಎಷ್ಟು ಹೊತ್ತಿಗೆ ಬರುತ್ತೇನೆ ಎಂದು ನಾನೇ ಹೇಳಿ ಹೋದೆ. ಇಲ್ಲದಿದ್ದರೆ ಕೇಳಿ ಜೀವ ತಿನ್ನುತ್ತಾರೆ. ಮೀಟಿಂಗಿನಲ್ಲಿ ಬೈರಾಸಿನ ಕಥೆ ಹೇಳಿದೆ, ಹೆಂಗಸರು ಬಿದ್ದು ಬಿದ್ದು ನಕ್ಕರು. ಮುಂದಿನ ಅಜೆಂಡಾ ಓದಲಿಕ್ಕೆ ಯಾರಿಗೂ ಆಗಲಿಲ್ಲ.

ಮೇ 4, ಆದಿತ್ಯವಾರ

ಕಾರಿಂಜದ ಗುಡ್ಡದ ದೇವಸ್ಥಾನಕ್ಕೆ ಹೋಗಿದ್ದೆವು. ವಗ್ಗದ ಹತ್ತಿರವೇ, ದೂರವೇನಲ್ಲ. ಮೆಟ್ಟಿಲು ಹತ್ತುವಾಗ ನಡುವೆ ನಾನೇ ಮೂರು ನಾಲ್ಕು ಸಲ ಕೂತೆ. ನನಗೆ ದಣಿವಾಗಿರಲಿಲ್ಲ. ನಾನು ಕೂತರೆ ಇವರೂ ಕೂರುತ್ತಾರೆ, ಇಲ್ಲದಿದ್ದರೆ ಹಟಕ್ಕೆ ಹತ್ತುತ್ತಾರೆ. ಮೇಲೆ ದೇವರಿಗೆ ಕೈಮುಗಿದು ತಿರುಗುವಾಗ ಒಂದು ಮಂಗ ಬಂದು ಇವರ ಕೈಯ ಬಾಳೆಹಣ್ಣನ್ನು ಎಳೆದುಕೊಂಡಿತು. ಇವರು ಕೋಪ ಮಾಡಲಿಲ್ಲ, ಉಳಿದ ಮಂಗಗಳಿಗೂ ಸಿಕ್ಕಿತಾ ಎಂದು ನೋಡುತ್ತಿದ್ದರು.

ಬಂಡೆಯ ಮೇಲೆ ಕೂತು ಬಹಳ ಹೊತ್ತು ಮಾತಾಡಿದೆವು. ಪ್ರಾಪ್ತಿ ಹುಟ್ಟಿದ ಸುದ್ದಿ ಮುಟ್ಟಿದ ದಿನ ಇವರು ಹೋಟೆಲಿಗೆ ಬಂದವರಿಗೆಲ್ಲ ಶೀರಾ ಕೊಟ್ಟರಂತೆ. ನನಗೆ ಗೊತ್ತಿರಲಿಲ್ಲ. ಅವಳಿಗೆ ಜ್ವರ ಏರಿದ ಮಳೆಗಾಲದಲ್ಲಿ ನಾನು ಹೊಳೆ ದಾಟಿಸಿಕೊಂಡು ಆಸ್ಪತ್ರೆಗೆ ಹೋದದ್ದನ್ನು ಹೇಳಿದೆ. ಅದು ಇವರಿಗೆ ಗೊತ್ತಿರಲಿಲ್ಲ. ಆಗ ಫೋನಿನಲ್ಲಿ ಯಾಕೆ ಹೇಳಲಿಲ್ಲ ಎಂದು ಕೇಳಿದರು. ಹೇಳಿದ್ದರೆ ಅಲ್ಲಿ ಕೂತು ಏನು ಮಾಡುತ್ತಿದ್ದಿರಿ ಎಂದೆ. ಆಮೇಲೆ, ಹಾಗೆ ಹೇಳಬಾರದಿತ್ತು ಎನ್ನಿಸಿತು. ಇವರು ತಲೆಯಾಡಿಸಿ, ನಿಜ ಎಂದರು.

ಮೇ 7, ಬುಧವಾರ

ಬಾವಾ ಬಂದರು. ಖರ್ಜೂರದ ದೊಡ್ಡ ಪೆಟ್ಟಿಗೆ, ಪ್ರಾಪ್ತಿಗೆಂದು ಒಂದು ವಾಚು. ಗಡ್ಡ ಪೂರ್ತಿ ಬೆಳ್ಳಗಾಗಿದೆ, ಮಂಡಿ ನೋವಂತೆ, ಚಾವಡಿಯ ಮೆಟ್ಟಿಲನ್ನು ಇವರ ಕೈಹಿಡಿದು ಹತ್ತಿದರು. ನಾನು ಪಾಯಸ ಮಾಡಿದ್ದೆ. ಸೊಹಾರಿನ ಹೋಟೆಲಿನ ಚಿತ್ರಗಳನ್ನು ಫೋನಿನಲ್ಲಿ ತೋರಿಸಿದರು. ಕಡಲಿನ ಬದಿ, ಎಲ್ಲ ಗಾಜು. ಇವರು ಒಂದೊಂದನ್ನೂ ದೊಡ್ಡದು ಮಾಡಿ ನೋಡಿದರು. ಅಡುಗೆಮನೆಗೆ ಗಾಳಿ ಬರುವುದು ಎಲ್ಲಿಂದ ಎಂದೂ ಕೇಳಿದರು. ಆ ಪ್ರಶ್ನೆ ಕೇಳಿದ ಮೇಲೆ ಇವರು ಆಗಲೇ ಹೊರಟ ಹಾಗೆ ಕಂಡಿತು ನನಗೆ.

"ನೀವಿಲ್ಲದೆ ಅದು ನಡೆಯುವುದಿಲ್ಲ ಶೆಟ್ರೇ. ಎರಡು ವರ್ಷ ಬನ್ನಿ, ಸಾಕು" ಎಂದರು ಬಾವಾ.

ಇವರು ಬಾವಾನ ಮುಖವನ್ನೂ ನೋಡಲಿಲ್ಲ, ನನ್ನ ಮುಖವನ್ನೂ ನೋಡಲಿಲ್ಲ. ಅಂಗಳದ ಕಡೆ ನೋಡುತ್ತಾ, "ಕಾಂತಿ ಹೇಗೆ ಹೇಳ್ತಾಳೆ ಹಾಗೆ ಬಾವಾಕ" ಎಂದರು.

ಬಾವಾ ನನ್ನ ಕಡೆ ತಿರುಗಿದರು. "ಅಕ್ಕ, ನೀವು ಇಷ್ಟು ವರ್ಷ ಕಳಿಸಿ ಕೊಟ್ಟವರು. ಇನ್ನೊಂದು ಸಲ ಹೂಂ ಅಂತ ಹೇಳಿ."

ಮಾತು ಬಿಸುವಿನಿಂದಲೇ ನನ್ನ ನಾಲಿಗೆಯ ಮೇಲೆ ಸಿದ್ಧವಾಗಿತ್ತು. ಬಾಯಿ ತೆರೆದೆ.

"ಆಗುವುದಿಲ್ಲ ಬಾವಾಕ."

ನನ್ನ ಸ್ವರ ನನಗೇ ಜೋರಾಗಿ ಕೇಳಿತು. ಯಾಕೆ ಎಂದು ಬಾವಾ ಮರ್ಯಾದೆಯಲ್ಲೇ ಕೇಳಿದರು. ಮಳೆಗೆ ಮೊದಲು, ರಬ್ಬರಿನ ಹಾಲಿಗೆ ನೀರು ಬೀಳದ ಹಾಗೆ ಮರಗಳಿಗೆ ಪ್ಲಾಸ್ಟಿಕ್ ಕಟ್ಟಬೇಕು, ಮಾಡಿನ ಹೆಂಚು ಸರಿಸಬೇಕು, ಗದ್ದೆ ಉಳಬೇಕು, ಪ್ರಾಪ್ತಿಯ ಪರೀಕ್ಷೆ ಬೇರೆ ಬಂತು ಎಂದೆಲ್ಲ ಹೇಳಿದೆ. ಬಾವಾ ತಲೆ ತಗ್ಗಿಸಿ ಕೇಳಿಸಿಕೊಂಡರು. ಗಡ್ಡದೊಳಗೆ ನಗುತ್ತಿದ್ದರು ಎಂದು ಕಾಣುತ್ತದೆ. ಇನ್ನೊಂದು ಲೋಟ ಪಾಯಸ ಕೇಳಿ ಕುಡಿದರು. ಹೊರಡುವಾಗ ಇವರ ಬೆನ್ನು ತಟ್ಟಿ, "ನಿಮ್ಮದು ಇಲ್ಲಿ ಪರ್ಮನೆಂಟ್ ಆಯಿತು ಶೆಟ್ರೇ" ಎಂದರು.

ಅವರ ಕಾರು ತಿರುವು ದಾಟುವವರೆಗೆ ಇಬ್ಬರೂ ಗೇಟಿನಲ್ಲಿ ನಿಂತಿದ್ದೆವು.

"ನಾನು ಹೋಗಬೇಕು ಅಂತ ಇತ್ತಲ್ಲ ನಿನಗೆ?" ಎಂದರು ಇವರು. ಕೋಪದಲ್ಲಿ ಅಲ್ಲ.

ಯಾರು ಹೇಳಿದರು ಎಂದೆ. ಯಾರೂ ಹೇಳಬೇಕಾಗಿರಲಿಲ್ಲ, ಮುಖದಲ್ಲೇ ಇತ್ತು ಎಂದರು. ಗೊತ್ತಿದ್ದೂ ಸುಮ್ಮನೆ ಇದ್ದಿರಾ ಎಂದು ಕೇಳಿದೆ.

"ನೀನು ಹೋಗಿ ಅಂತ ಹೇಳಿದ್ದರೆ ಹೋಗ್ತಿದ್ದೆ. ಈ ಮನೆ ನಿಂತದ್ದು ನಿನ್ನಿಂದ. ನನಗೆ ಇಲ್ಲಿ ಇರಬೇಕು ಅಂತ ಇತ್ತು. ಆದರೆ ಅದನ್ನು ನಾನು ಕೇಳುವುದು ಹೇಗೆ?"

ಗೇಟಿನ ಚಿಲಕ ಹಾಕುತ್ತಿದ್ದೆ. ಅದು ಸರಿಯಾಗಿ ಕೂರುತ್ತಿರಲಿಲ್ಲ, ಎರಡು ಮೂರು ಸಲ ಹಾಕಬೇಕಾಯಿತು. "ಊಟಕ್ಕೆ ಬನ್ನಿ, ತಣಿಯುತ್ತದೆ" ಎಂದೆ. ಬಂದರು.

ಉಂಡು ಎದ್ದವರು ಪ್ಲಾಸ್ಟಿಕ್ಕೂ ಅಂಟೂ ತರಲಿಕ್ಕೆಂದು ಬಂಟ್ವಾಳಕ್ಕೆ ಬಸ್ಸಿನಲ್ಲಿ ಹೋಗಿದ್ದಾರೆ. ಪಶ್ಚಿಮದಲ್ಲಿ ಮೋಡ ಕಟ್ಟುತ್ತಿದೆ. ಕೊಡೆ ಕೊಂಡು ಹೋಗಲಿಲ್ಲ. ಬಸ್ಸು ಸಿದ್ಧಕಟ್ಟೆಗೆ ಬರುವ ಹೊತ್ತಿಗೆ ಕಾರು ತೆಗೆದುಕೊಂಡು ಹೋಗಬೇಕು. ನಾಳೆ ಬೆಳಗ್ಗೆಯಿಂದಲೇ ಮರಗಳಿಗೆ ಕಟ್ಟಲಿಕ್ಕೆ ಶುರು ಮಾಡುವುದು, ಇವರು ಹಿಡಿದುಕೊಂಡರೆ ನಾನು ಕಟ್ಟುತ್ತಾ ಹೋಗಬಹುದು. ಅದು ಒಬ್ಬರಿಂದ ಆಗುವ ಕೆಲಸವಲ್ಲ. ಇಷ್ಟು ವರ್ಷ ಹೇಗೆ ಮಾಡಿದೆನೋ ಗೊತ್ತಿಲ್ಲ.